ಎಡಚಕ್ಕನ ಉಕ್ಕಿನ ಗಿಟಾರು

ಎಡಚಕ್ಕ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಮಧ್ಯಾಹ್ನದ ಬುತ್ತಿಯನ್ನೂ ಅವಳು ನಿಂತೇ ಮುಗಿಸುತ್ತಿದ್ದಳು. ಎರಡು ತುತ್ತು ಬಾಯಿಗಿಟ್ಟುಕೊಂಡು ಕಿಟಕಿಯವರೆಗೆ ಹೋಗಿ ಬರುವಳು, ಮತ್ತೆರಡು ತುತ್ತಿಗೆ ಬಾಗಿಲವರೆಗೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯೇನಮ್ಮಾ?" ಎಂದು ಮೇಸ್ತ್ರಿ ಗೊಣಗಿದರೆ, "ಬಿಚ್ಚಿಡೋಕೆ ಸ್ಪ್ಯಾನರ್ ಸಿಗ್ತಿಲ್ಲ ಮೇಸ್ತ್ರಿ" ಎಂದು ನಕ್ಕು ಇನ್ನೊಂದು ಸುತ್ತು ಹಾಕುವಳು.

ನಮ್ಮದು ದೊಡ್ಡ ಕಟ್ಟಡಗಳ ಒಳಗೆ ಗಾಳಿ ಸಾಗಿಸುವ ತಗಡಿನ ಕೊಳವೆಗಳನ್ನು ಮಾಡುವ ಕಾರ್ಖಾನೆ. ನಾನು ಅಲ್ಲಿ ವ್ಯಾನು ಓಡಿಸುವವನು, ಅವಳು ತಗಡು ಕತ್ತರಿಸುವವಳು. ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು, ಆದರೆ ಯಾರ ಬಾಯಿಗೂ ಅದು ಬರುತ್ತಿರಲಿಲ್ಲ. ಎಲ್ಲ ಕೆಲಸವೂ ಎಡಗೈಯಲ್ಲೇ, ಹಾಗಾಗಿ ಎಡಚಕ್ಕ. ಅವಳ ಕತ್ತರಿಯನ್ನು ಕೇಳಿ ಪಡೆಯುವವರು ಯಾರೂ ಇರಲಿಲ್ಲ. ಬೇರೆಯವರು ಹಿಡಿದರೆ ಗೆರೆ ನೇರ ಹೋಗದೆ ಅಂಕುಡೊಂಕಾಗುತ್ತಿತ್ತು. ಅವಳ ಕೈಯಲ್ಲಿ ಮಾತ್ರ ಅದೇ ಕತ್ತರಿ ಕಾಗದ ಸೀಳಿದಂತೆ ತಗಡನ್ನು ಸೀಳುತ್ತಿತ್ತು. ಇಪ್ಪತ್ತೆಂಟು ವರ್ಷ ತಗಡು ಕತ್ತರಿಸಿದ ಕೈ ಅದು. ತಗಡನ್ನು ಉಗುರಿನಿಂದ ಒಮ್ಮೆ ತಟ್ಟಿ ಎಷ್ಟು ದಪ್ಪ, ಯಾವ ಲೋಹ ಎಂದು ಹೇಳಿಬಿಡುವಳು.

ಮನೆಯಲ್ಲಿ ಅವಳು, ಅವಳ ಅಕ್ಕ, ಇಬ್ಬರೇ. ಮೂರನೇ ಮಹಡಿಯ ಎರಡು ಕೋಣೆ. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ನಮಗೆಲ್ಲ ಟೀಚರಮ್ಮ. ಚಿಕ್ಕಂದಿನಲ್ಲಿ ತಂಗಿಯನ್ನು ಬಲಗೈಗೆ ತರುವ ಹೊಣೆಯನ್ನು ತಾಯಿ ಇವರಿಗೇ ಹೊರಿಸಿದ್ದರಂತೆ. ಬರೆಯಲು ಕೂತಾಗ ಎಡಗೈಯನ್ನು ರಿಬ್ಬನ್ನಿನಿಂದ ಕುರ್ಚಿಗೆ ಕಟ್ಟುತ್ತಿದ್ದರಂತೆ, ಎಡಚಕ್ಕ ಕುರ್ಚಿಸಮೇತ ಎದ್ದು ಮನೆಯೆಲ್ಲ ತಿರುಗುತ್ತಿದ್ದಳಂತೆ. ಮುಂದೆ ಟೀಚರಮ್ಮ ಮಕ್ಕಳಿಗೆ ಹಾಡು ಕಲಿಸಲು ಒಂದು ಮರದ ಗಿಟಾರು ಇಟ್ಟುಕೊಂಡಿದ್ದರು. ಅವರು ಶಾಲೆಗೆ ಕೊಂಡೊಯ್ಯದ ದಿನ ತಂಗಿ ಅದನ್ನು ತಿರುವುಮುರುವು ಹಿಡಿದು, ಮೇಲಿನ ತಂತಿ ಕೆಳಗೆ ಕೆಳಗಿನದು ಮೇಲೆ ಮಾಡಿಕೊಂಡು, ಏನೋ ಒಂದು ನುಡಿಸುತ್ತಿದ್ದಳು. ಆ ಗಿಟಾರು ಎಂದೋ ಮುರಿದುಹೋಯಿತು. ಆಮೇಲೆ ಮೂವತ್ತು ವರ್ಷ ಅವಳು ತಗಡು ಬಿಟ್ಟು ಬೇರೇನನ್ನೂ ನುಡಿಸಿರಲಿಲ್ಲ.

ಅವಳಿಗೆ ಐವತ್ತೊಂದು ತುಂಬಿದ ವರ್ಷ ಒಂದು ಸಂಗೀತ ಸಭಾಂಗಣದ ಹಳೆಯ ಕೊಳವೆಗಳನ್ನು ಬದಲಿಸುವ ಕೆಲಸ ಬಂತು. ಎಡಚಕ್ಕ ಏಣಿಯ ಮೇಲೆ ನಿಂತು ಅಂಚು ಕತ್ತರಿಸುತ್ತಿದ್ದಳು, ನಾನು ಕೆಳಗೆ ಏಣಿ ಹಿಡಿದಿದ್ದೆ. ಸಂಜೆಯ ಕಾರ್ಯಕ್ರಮಕ್ಕೆ ಬಂದಿದ್ದ ವಾದಕನೊಬ್ಬ ವೇದಿಕೆಯ ಮೇಲೆ ಕೂತು ಗಿಟಾರಿನ ಶ್ರುತಿ ಸರಿಮಾಡತೊಡಗಿದ. ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮರದ್ದಲ್ಲ, ಇಡೀ ಮೈ ಉಕ್ಕಿನದು. ಹೊಟ್ಟೆಯ ಮೇಲೆ ತೂತುತೂತಿನ ದುಂಡು ಮುಚ್ಚಳ. ಕಿರುಬೆರಳಿಗೆ ಒಂದು ಲೋಹದ ಕೊಳವೆ ಸಿಕ್ಕಿಸಿಕೊಂಡು ಅವನು ಅದನ್ನು ತಂತಿಯ ಮೇಲೆ ಜಾರಿಸಿದ. ತಗಡಿನ ಮಾಡಿನ ಮೇಲೆ ಯಾರೋ ಅಳುತ್ತ ಓಡಿದ ಹಾಗಿತ್ತು ಆ ಸದ್ದು.

ಮೇಲಿನಿಂದ ಕತ್ತರಿ ಬಿತ್ತು, ನನ್ನ ಹೆಗಲಿಗೆ ಒಂದು ಗೇಣು ಆಚೆಗೆ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಎಡಚಕ್ಕ ಇಳಿದು ವೇದಿಕೆಯ ಹತ್ತಿರ ಹೋಗಿ ನಿಂತಿದ್ದಳು. ಕೈ ಬಾಯಿಯ ಮೇಲೆ. ಕೊಂಚವೂ ಅಲುಗಾಡದೆ ನಿಂತಿದ್ದಳು. ಅದೇ ನನಗೆ ಗಾಬರಿ.

"ಇದಕ್ಕೆ ಏನಂತಾರೆ?" ಎಂದು ಕೇಳಿದಳು.

"ರೆಸೋನೇಟರ್ ಗಿಟಾರು. ಒಳಗೆ ಅಲ್ಯೂಮಿನಿಯಂ ಬಟ್ಟಲು ಇದೆ, ಸ್ಪೀಕರಿನ ಥರ. ತಂತಿ ಅಲುಗಿದ್ರೆ ಬಟ್ಟಲು ಕೂಗುತ್ತೆ." ಅವನು ಒಳ್ಳೆಯವನು, ಕೈಗೇ ಕೊಟ್ಟ. ಇವಳು ಇಸಿದುಕೊಂಡವಳೇ ತಿರುವುಮುರುವು ಹಿಡಿದಳು. ಅವನು ನಕ್ಕ. "ಓಹೋ, ಎಡಗೈ! ನಿಮ್ಮಂಥವ್ರಿಗೆ ಅಂತ ಬೇರೆ ಮಾಡ್ತಾರೆ ಅಮ್ಮಾ. ಆದ್ರೆ ಉಕ್ಕಿನದು, ಎಡಗೈದು, ಎರಡೂ ಒಂದರಲ್ಲೇ ಬೇಕು ಅಂದ್ರೆ ಚಪ್ಪಲಿ ಸವೀಬೇಕು."

ಸವೆದದ್ದು ನನ್ನ ವ್ಯಾನಿನ ಟೈರು. ಮರುದಿನದಿಂದಲೇ ಅವಳ ರಗಳೆ ಶುರುವಾಯಿತು. ಮಾಲು ಇಳಿಸಿ ಬರುವ ದಾರಿಯಲ್ಲಿ ವಾದ್ಯದ ಅಂಗಡಿ ಕಂಡರೆ ಸಾಕು, "ನಿಲ್ಸು ನಿಲ್ಸು" ಎಂದು ಬಾಗಿಲಿಗೆ ಕೈಹಾಕುವಳು. ನಾಲ್ಕು ಅಂಗಡಿಯವರು ಕೇಳಿದ್ದೇ ತಡ ತಲೆಯಾಡಿಸಿ ಕಳಿಸಿದರು. ಐದನೆಯವನು, ಕನ್ನಡಕವನ್ನು ಮೂಗಿನ ತುದಿಗೆ ನೇತುಹಾಕಿಕೊಂಡ ಅಂಗಡಿಯವನು, ಒಳಗಿನಿಂದ ಫಳಫಳ ಹೊಳೆಯುವ ಒಂದು ಉಕ್ಕಿನ ಗಿಟಾರು ತಂದಿಟ್ಟ.

"ಬಲಗೈದು. ಆದ್ರೇನಂತೆ? ತಂತಿ ಬಿಚ್ಚಿ ಉಲ್ಟಾ ಹಾಕಿದ್ರೆ ಎಡಗೈದು. ಇದರಲ್ಲಿ ತಂತಿ ಕೂರೋ ಕುದುರೆ ನೆಟ್ಟಗೇ ಇರುತ್ತೆ, ಮರದ ಗಿಟಾರಿನ ಥರ ಓರೆ ಇಲ್ಲ."

ಎಡಚಕ್ಕ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಉಗುರಿನಿಂದ ತಟ್ಟಿದಳು. "ತಗಡು ಪರವಾಗಿಲ್ಲ. ಬೆಸುಗೆ ಅವಸರದಲ್ಲಿ ಮಾಡಿದಾರೆ." ಆಮೇಲೆ ಕತ್ತಿನ ಪಕ್ಕದ ಭುಜವನ್ನು ತೋರಿಸಿದಳು. ಬೆರಳು ಕತ್ತಿನ ಬುಡದ ಮೆಟ್ಟುಗಳನ್ನು ಮುಟ್ಟಲೆಂದು ಅಲ್ಲಿ ಒಂದು ಕಡೆ ಮೈಯನ್ನು ಒಳಕ್ಕೆ ಬಾಗಿಸಿದ್ದರು. "ಉಲ್ಟಾ ಹಿಡಿದ್ರೆ ಈ ಬಾಗು ಮೇಲಕ್ಕೆ ಬರುತ್ತಲ್ಲ ಸ್ವಾಮಿ. ನನ್ನ ಕೈ ಕೆಳಗಿಂದ ತಾನೇ ಹೋಗೋದು?"

"ಅದೆಲ್ಲ ಅಭ್ಯಾಸ ಆಗುತ್ತೆ."

"ಅಭ್ಯಾಸ ಆಗುತ್ತೆ ಅಂತ ನಮ್ಮಕ್ಕ ಐದು ವರ್ಷ ಹೇಳಿದ್ಲು," ಎಂದಳು. ಆದರೂ ತಂತಿ ಉಲ್ಟಾ ಹಾಕಿಸಿ, ವಾರದ ಮಟ್ಟಿಗೆ ನೋಡುತ್ತೇನೆಂದು ಮನೆಗೆ ಒಯ್ದಳು. ಟೀಚರಮ್ಮನಿಗೆ ಖುಷಿಯೋ ಖುಷಿ. "ಹೊಂದ್ಕೊಂಡು ಹೋಗೋದು ಕಲಿಯೇ. ಎಲ್ಲಾದಕ್ಕೂ ಎಡವಟ್ಟು ಮಾಡ್ಬೇಡ," ಎಂದರಂತೆ. ಆದರೆ ಸಣ್ಣ ತಂತಿ ದಪ್ಪ ತಂತಿಗೆಂದು ಕೊರೆದ ಕಚ್ಚಿನಲ್ಲಿ ಕೂತು ಜೊರ್ ಜೊರ್ ಎನ್ನುತ್ತಿತ್ತು, ದಪ್ಪದು ಸಣ್ಣ ಕಚ್ಚಿನಲ್ಲಿ ಕೂರಲೊಲ್ಲದೆ ಜಾರುತ್ತಿತ್ತು. ಕಚ್ಚನ್ನು ಅರದಿಂದ ಉಜ್ಜಿ ಸರಿಮಾಡಬಹುದಿತ್ತು, ಆ ಭುಜವನ್ನು ಏನು ಮಾಡುವುದು? ಎಂಟನೇ ದಿನ ಗಿಟಾರು ಮತ್ತೆ ವ್ಯಾನು ಹತ್ತಿತು.

ಆ ದಿನ ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ತಡೆಯಲಾಗಲಿಲ್ಲ. "ಅಲ್ಲ ಎಡಚಕ್ಕಾ, ಈ ವಯಸ್ಸಲ್ಲಿ ಇದೇನು ಹುಚ್ಚು? ಸುಮ್ನೆ ಮರದ್ದೊಂದು ತಗೊಂಡ್ರೆ ಆಗಲ್ವಾ?"

ಅವಳು ಕಿಟಕಿಯ ಗಾಜನ್ನು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. "ನಿಂಗೆ ಈಗ ಏನು ಕೇಳಿಸ್ತಿದೆ?"

"ಏನು? ಎಂಜಿನ್ನು. ಹಾರನ್ನು."

"ಎಂಜಿನ್ ಆಫ್ ಮಾಡಿದ್ರೆ?"

"ಏನೂ ಇಲ್ಲ."

"ನಂಗೆ ಆ ಏನೂ ಇಲ್ಲ ಅನ್ನೋದೇ ಇಲ್ಲ ಕಣೋ. ನಾಲ್ಕು ವರ್ಷ ಆಯ್ತು. ಕಿವಿಯೊಳಗೆ ಗುಂಯ್ ಅಂತ ಒಂದೇ ಸಮ, ಗ್ರೈಂಡಿಂಗ್ ಚಕ್ರಕ್ಕೆ ತಗಡು ಕೊಟ್ಟ ಹಾಗೆ. ಕೂತ್ರೆ ಜಾಸ್ತಿ, ಮಲಗಿದ್ರೆ ಇನ್ನೂ ಜಾಸ್ತಿ. ಓಡಾಡ್ತಿದ್ರೆ ಹೆಜ್ಜೆ ಸದ್ದಲ್ಲಿ ಸ್ವಲ್ಪ ಮರೆಯಾಗುತ್ತೆ." ಅವಳು ನನ್ನ ಕಡೆ ನೋಡಲಿಲ್ಲ. "ಅವತ್ತು ಅವನು ಅದನ್ನ ನುಡಿಸಿದ್ನಲ್ಲ, ಆಗ ಆ ಗುಂಯ್ ಇರ್ಲಿಲ್ಲ. ಮುಚ್ಚಿಹೋಗಿತ್ತು. ಅದಕ್ಕೇ ಕತ್ತರಿ ಬಿತ್ತು."

ಹಸಿರು ದೀಪ ಬಂದು ಹಿಂದಿನವರು ಹಾರನ್ನು ಬಾರಿಸುತ್ತಿದ್ದರು. ನಾನು ಗೇರು ಹಾಕಲು ಮರೆತಿದ್ದೆ.

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದ್ರೆ ಚೀಟಿ ಬರುತ್ತೆ. ಚೀಟಿ ಬಂದ್ರೆ ಮೇಸ್ತ್ರಿ ನನ್ನ ಪ್ಯಾಕಿಂಗಿಗೆ ಹಾಕ್ತಾರೆ. ರಟ್ಟಿನ ಡಬ್ಬಕ್ಕೆ ಟೇಪು ಹಚ್ಕೊಂಡು ಕೂರ್ಲಾ ನಾನು? ನಮ್ಮಕ್ಕಂಗೂ ಹೇಳ್ಬೇಡ. ಯಾರಿಗೂ ಬೇಡ."

ಮಾತು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ನನ್ನ ಹೆಂಡತಿಗೂ ಗೊತ್ತು, ಇಡೀ ಕಾರ್ಖಾನೆಗೂ ಗೊತ್ತು. ಈ ಒಂದು ಮಾತನ್ನು ಮಾತ್ರ ಹಲ್ಲು ಕಚ್ಚಿ ಹಿಡಿದುಕೊಂಡೆ. ಆಮೇಲೆ ಅವಳು ಕಾರ್ಖಾನೆಯಲ್ಲಿ ಸುತ್ತುವುದನ್ನು ನೋಡಿ ನಗಲು ನನ್ನಿಂದ ಆಗಲಿಲ್ಲ.

ಕನ್ನಡಕದ ಅಂಗಡಿಯವನು ಸೋಲೊಪ್ಪುವವನಲ್ಲ. ಬೇರೆ ಊರಿನಿಂದ ಎಡಗೈಯದೇ ಒಂದನ್ನು ತರಿಸಿಕೊಟ್ಟ. ಬರಲು ಆರು ವಾರ ಹಿಡಿಯಿತು. ಆ ಆರು ವಾರದಲ್ಲಿ ಎಡಚಕ್ಕ ಅವನಿಗೆ ಮಾಡಿದ ಫೋನುಗಳಿಂದ ಅವನ ತಲೆಯೇ ಚಿಟ್ಟುಹಿಡಿದು ಹೋಗಿತ್ತು. ಪೆಟ್ಟಿಗೆ ತೆರೆದಾಗ ಟೀಚರಮ್ಮನೂ ಇದ್ದರು, ಅಂದು ಭಾನುವಾರ, ತಂಗಿಯ ಜೊತೆ ಹಟ ಹಿಡಿದು ಬಂದಿದ್ದರು. ಎಂಥ ಚೆಲುವೆ ಆ ಗಿಟಾರು! ಕನ್ನಡಿಯಂಥ ಮೈ, ಒಳಗೆ ಒಂದಲ್ಲ ಮೂರು ಬಟ್ಟಲು. ಅಂಗಡಿಯವನು ತಾನೇ ಅರ್ಧಂಬರ್ಧ ನುಡಿಸಿ ತೋರಿಸಿದ. ಜೇನು ಸುರಿದ ಹಾಗೆ ಸ್ವರ ಹರಿಯಿತು, ಎಷ್ಟು ಹೊತ್ತಾದರೂ ಆರಲಿಲ್ಲ.

"ಇದು ಉಕ್ಕಲ್ಲ," ಎಂದಳು ಎಡಚಕ್ಕ, ಒಂದು ಸಲ ತಟ್ಟಿ. "ಹಿತ್ತಾಳೆ. ಮೇಲೆ ನಿಕ್ಕಲ್ ಲೇಪ."

"ಅದಕ್ಕೇ ಇಷ್ಟು ಇಂಪು! ಉಕ್ಕಿನದು ಇದರ ಮುಂದೆ ಡಬ್ಬ."

ಅವಳು ಕೊರಳಿಗೆ ಹಾಕಿಕೊಂಡು ಎಡಗೈಯಿಂದ ಮೀಟಿದಳು. ಮೂವತ್ತು ವರ್ಷ ಬಿಟ್ಟ ಕೈಯಾದರೂ ಎರಡು ಮೂರು ಸ್ವರ ಒಂದರ ಹಿಂದೊಂದು ಸರಿಯಾಗಿ ಬಂದವು. ಟೀಚರಮ್ಮನ ಕಣ್ಣು ತುಂಬಿತು. "ಚೆನ್ನಾಗಿದೆ ಕಣೇ. ತಗೊಂಬಿಡು." ಆದರೆ ಎಡಚಕ್ಕ ತಲೆಯನ್ನು ಒಂದು ಕಡೆಗೆ ವಾಲಿಸಿ ಏನನ್ನೋ ಕಾಯುತ್ತಿದ್ದಳು. ನನಗೊಬ್ಬನಿಗೇ ಗೊತ್ತಿತ್ತು ಏನೆಂದು. ಇನ್ನೊಮ್ಮೆ ಮೀಟಿದಳು, ಇನ್ನೂ ಜೋರಾಗಿ. ಆಮೇಲೆ ನನ್ನ ಕಡೆ ತಿರುಗಿ ಮುಚ್ಚಲಿಲ್ಲವೆಂದು ಕಣ್ಣಲ್ಲೇ ಹೇಳಿದಳು.

"ಬೇಡ," ಎಂದು ಪೆಟ್ಟಿಗೆಗೆ ಮಲಗಿಸಿದಳು. ಅಂಗಡಿಯವನ ಕನ್ನಡಕ ಮೂಗಿನಿಂದ ಪೂರ್ತಿ ಜಾರಿತು.

"ಏನು ಕಮ್ಮಿ ಆಯ್ತಮ್ಮಾ ಇದಕ್ಕೆ?"

"ಏನೂ ಕಮ್ಮಿ ಇಲ್ಲ ಸ್ವಾಮಿ. ಇದು ತೀರಾ ಒಳ್ಳೇದು. ನಂಗೆ ಸ್ವಲ್ಪ ಕೆಟ್ಟದು ಬೇಕು."

ಟೀಚರಮ್ಮ ಬೈದರು. ಅಂಗಡಿಯವನು ಮುಖ ಊದಿಸಿಕೊಂಡ. ಎಡಚಕ್ಕ ಅಂಗಡಿಯ ಉದ್ದಗಲಕ್ಕೂ ಓಡಾಡುತ್ತ, ಗೋಡೆಗೆ ತೂಗುಹಾಕಿದ ಒಂದೊಂದರ ಹೊಟ್ಟೆಯನ್ನೂ ತಟ್ಟುತ್ತ ಹೋದಳು. ಅವಳು ಅಲ್ಲಿಂದ ತೊಲಗಿದರೆ ಸಾಕೆಂದೋ ಏನೋ, ಅಂಗಡಿಯವನಿಗೆ ಥಟ್ಟನೆ ನೆನಪಾಯಿತು.

"ಒಬ್ರು ಮುದುಕರಿದಾರೆ. ಹಡಗಿನ ಎಂಜಿನ್ ಕೋಣೇಲಿ ಇದ್ದವ್ರು. ತಂತಿ ತಗೊಳ್ಳೋಕೆ ನನ್ನ ಹತ್ರಾನೇ ಬರೋದು. ಅವ್ರದ್ದು ಉಕ್ಕಿನದ್ದು, ಎಡಗೈದು. ಈಗ ಕೈ ಸ್ವಾಧೀನ ಇಲ್ಲ, ಎಡಗೈಯವ್ರು ಯಾರಾದ್ರೂ ಬಂದ್ರೆ ಕಳಿಸು ಅಂದಿದ್ರು. ನಾನೇ ಕಳಿಸ್ಲಿಲ್ಲ, ಅದೊಂದು ಹಳೇ ಡಬ್ಬ ಅಂತ."

ಎಡಚಕ್ಕ ಆಗಲೇ ವ್ಯಾನಿನಲ್ಲಿದ್ದಳು.

ಹಡಗಿನಜ್ಜನ ಮನೆ ಗೋದಾಮುಗಳ ಹಿಂದಿನ ಬೀದಿಯ ಕೊನೆಯಲ್ಲಿತ್ತು, ನೆಲಮಟ್ಟದ ಒಂದೇ ಕೋಣೆ. ಬಾಗಿಲು ತೆರೆದದ್ದೇ ಒಳಗಿನ ಗದ್ದಲ ಮುಖಕ್ಕೆ ಬಡಿಯಿತು. ಮೂಲೆಯ ತೊಟ್ಟಿಗೆ ನಲ್ಲಿ ಸುರಿಯುತ್ತಿತ್ತು. ರೇಡಿಯೊ ಯಾವ ಸ್ಟೇಷನ್ನೂ ಇಲ್ಲದೆ ಕರಕರ ಎನ್ನುತ್ತಿತ್ತು. ಮೇಜಿನ ಫ್ಯಾನಿಗೆ ಒಂದು ಕಾಗದದ ಪಟ್ಟಿ ಕಟ್ಟಿದ್ದರು, ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ಟೀಚರಮ್ಮ ಎರಡೂ ಕಿವಿ ಮುಚ್ಚಿಕೊಂಡರು. ನಾನು ಹೊಸ್ತಿಲಲ್ಲೇ ನಿಂತೆ. ಎಡಚಕ್ಕ ನೇರ ಒಳಗೆ ಹೋದಳು, ನಲ್ಲಿಯ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತಳು. ಬೆನ್ನು ಗೋಡೆಗೆ ಒರಗಿಸಿ, ಕಾಲು ಚಾಚಿ, ದಿನವಿಡೀ ನಡೆದು ಬಂದವಳ ಹಾಗೆ.

ಅಜ್ಜ ಅವಳನ್ನೇ ನೋಡುತ್ತಿದ್ದರು. ಎತ್ತರದ ಆಳು, ಎಡಗೈ ಎದೆಯ ಹತ್ತಿರ ಮುದುರಿತ್ತು.

"ನಿಮಗೂ ಗುಂಯ್ ಅನ್ನುತ್ತಾ?" ಎಂದು ಕೇಳಿದರು.

ಅವಳು ಅಕ್ಕನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಮೇಲೆ ಹೂಂ ಎಂದಳು.

"ಎಷ್ಟು ವರ್ಷ?"

"ನಾಲ್ಕು."

"ನಂದು ಹತ್ತೊಂಬತ್ತು."

ಟೀಚರಮ್ಮ ಕಿವಿಯಿಂದ ಕೈ ತೆಗೆದರು. "ಏನದು? ಏನು ನಾಲ್ಕು?" ಎಡಚಕ್ಕ ಹೇಳಬೇಕಾಗಿ ಬಂತು. ಆ ಗದ್ದಲದಲ್ಲಿ ಕೂಗಿಯೇ ಹೇಳಬೇಕಾಯಿತು. ಟೀಚರಮ್ಮ ಸ್ಟೂಲಿನ ಮುಂದೆ ಬಂದು ನಿಂತರು. "ನಾಲ್ಕು ವರ್ಷದಿಂದ ನನ್ನ ಪಕ್ಕದಲ್ಲೇ ಮಲಗ್ತೀಯಲ್ಲೇ! ಓಡಾಡ್ಬೇಡ, ತಲೆನೋವು ಬರುತ್ತೆ ಅಂತ ನಿನ್ನ ದಿನಾ ಬೈತೀನಲ್ಲೇ! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಸರಿ ಮಾಡೋಕೆ ಹೊರಡ್ತಿದ್ದೆ ಅಕ್ಕಾ."

ಟೀಚರಮ್ಮ ಬಾಗಿಲ ಹೊರಗೆ ಹೋಗಿ ನನ್ನ ಪಕ್ಕದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಂಗೆ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದರು. ನಾನು ವ್ಯಾನಿನ ಕಡೆ ನೋಡಿದೆ.

ಒಳಗೆ ಅಜ್ಜ ಮಂಚದ ಕೆಳಗಿನಿಂದ ಗಿಟಾರು ಎಳೆದಿದ್ದರು. ಹಳೆಯದು, ಬಣ್ಣ ಅಲ್ಲಲ್ಲಿ ಎದ್ದಿತ್ತು, ಸೊಂಟದಲ್ಲಿ ಅಂಗೈ ಅಗಲದ ತಗ್ಗು. ಒಂದೇ ಬಟ್ಟಲು. ಎಡಗೈಗೆಂದೇ ಮಾಡಿದ್ದು, ತಂತಿಯ ಕಚ್ಚುಗಳೆಲ್ಲ ಆ ಕ್ರಮದಲ್ಲೇ. ಎಡಚಕ್ಕ ತಟ್ಟಿದಳು, ಉಕ್ಕು. ಮೀಟಿದಳು. ಒರಟು ಸದ್ದು, ಬಾಯಿ ಬಿಟ್ಟು ಬೊಗಳಿದ ಹಾಗೆ. ಅದರ ಬಾಲಕ್ಕೆ ಬುಸ್ ಎಂಬ ಒಂದು ಸೀಳುಸದ್ದು ಅಂಟಿಕೊಂಡಿತ್ತು. ಅವಳ ಮುಖ ಸಡಿಲವಾದದ್ದು ಹೊಸ್ತಿಲಿನಿಂದಲೇ ಕಂಡಿತು. ಅಜ್ಜ ಒಂದೊಂದಾಗಿ ಫ್ಯಾನು, ರೇಡಿಯೊ, ನಲ್ಲಿ ಎಲ್ಲ ನಿಲ್ಲಿಸಿದರು. ಅವಳು ನುಡಿಸುತ್ತಲೇ ಇದ್ದಳು.

"ಇದೇ," ಎಂದಳು. "ಇದನ್ನೇ ಹುಡುಕ್ತಿದ್ದೆ."

ಅಜ್ಜ ಹೌದೆಂದು ತಲೆಯಾಡಿಸಿದರು. ಆದರೆ ಹತ್ತಿರ ಬಂದು ಕೂತು ಗಿಟಾರಿನ ಕತ್ತಿನ ಮೇಲಿಟ್ಟ ಬಲಗೈಯನ್ನು ತೆಗೆಯಲಿಲ್ಲ. "ನುಡಿಸೋಕಂತೂ ಆಗಲ್ಲ ನಂಗೆ. ಮಡಿಲಲ್ಲಿ ಮಲಗಿಸ್ಕೊಂಡು ಬಲಗೈಲಿ ಸುಮ್ನೆ ಎಳೀತಿರ್ತೀನಿ. ಅಷ್ಟೊತ್ತು ಆ ಗುಂಯ್ ಇರಲ್ಲ. ಕೊಡ್ತೀನಿ ಅಂತ ಹೇಳಿದ್ದು ನಾನೇ. ಈಗ ನೋಡಿ, ಕೈ ಬಿಡ್ತಿಲ್ಲ."

ಎಡಚಕ್ಕ ತಕ್ಷಣ ಗಿಟಾರನ್ನು ಅವರ ಮಡಿಲಿಗೆ ಇಟ್ಟಳು, ನಲ್ಲಿಯನ್ನು ತಾನೇ ತಿರುಗಿಸಿದಳು. "ನೀರಿನ ಸದ್ದು ಅದನ್ನ ಚೆನ್ನಾಗಿ ಮುಚ್ಚುತ್ತಾ?" ಎಂದು ಕೇಳಿದಳು.

"ಎಲ್ಲಕ್ಕಿಂತ ಚೆನ್ನಾಗಿ. ಆದ್ರೆ ದಿನವಿಡೀ ನಲ್ಲಿ ಬಿಟ್ರೆ ಮನೆ ಮಾಲೀಕ ಜಗಳಕ್ಕೆ ಬರ್ತಾನೆ."

ಅವಳು ಬರಿಗೈಯಲ್ಲಿ ಹೊರಗೆ ಬಂದಳು. ದಾರಿಯುದ್ದಕ್ಕೂ ಎಡಚಕ್ಕನ ಬೆರಳು ವ್ಯಾನಿನ ಬಾಗಿಲಿನ ಮೇಲೆ ಏನೋ ಅಳೆಯುತ್ತಿತ್ತು.

ಮರುದಿನದಿಂದ ಅವಳು ಬುತ್ತಿಯ ಹೊತ್ತಿನಲ್ಲಿ ಸುತ್ತುವುದನ್ನು ಬಿಟ್ಟು ಚೂರುತಗಡಿನ ರಾಶಿಯಲ್ಲಿ ಕೈಯಾಡಿಸತೊಡಗಿದಳು. ಅಜ್ಜನಿಗೆಂದು ಅವಳು ಮಾಡಿದ್ದು ನಲ್ಲಿಯಿಲ್ಲದೆ ನೀರಿನ ಸದ್ದು ಕೊಡುವ ಒಂದು ಪೆಟ್ಟಿಗೆ, ಅಡಿಯಲ್ಲಿ ನೀರಿನ ತಟ್ಟೆ. ಮೀನಿನ ತೊಟ್ಟಿಗೆ ಹಾಕುವಂಥ ಪುಟ್ಟ ಪಂಪು ನೀರನ್ನು ಮೇಲೆತ್ತುತ್ತದೆ, ಅದು ಓರೆಯಾಗಿಟ್ಟ ತೆಳು ತಗಡುಗಳ ಮೇಲೆ ಒಂದರಿಂದೊಂದಕ್ಕೆ ಬಿದ್ದು ಮತ್ತೆ ತಟ್ಟೆ ಸೇರುತ್ತದೆ. ಹೇಳಲು ಸುಲಭ. ಮೊದಲನೆಯದನ್ನು ಒಯ್ದಾಗ ಅಜ್ಜ ಕಣ್ಣು ಮುಚ್ಚಿ ಕೇಳಿ, "ಇದು ಸೋರೋ ನಲ್ಲಿ. ಒಂದೊಂದು ಹನಿಯೂ ಎಣಿಸ್ಬಹುದು," ಎಂದರು. ಎರಡನೆಯದು ಗಂಟೆ ಬಾರಿಸಿದಂತಿತ್ತು. ಮೂರನೆಯದರ ತಗಡಿಗೆ ಮೊಳೆಯಿಂದ ನೂರಾರು ತೂತು ಹೊಡೆದಳು. ಅದು ಪರವಾಗಿಲ್ಲ ಎನಿಸಿದರೂ ಅವಳಿಗೇ ಒಪ್ಪಿಗೆಯಾಗಲಿಲ್ಲ, ಅಜ್ಜನ ಮುಂದೆಯೇ ಕಿತ್ತು ಹಾಕಿದಳು. ಮೇಸ್ತ್ರಿಗೆ ತಗಡಿನ ಚೂರು ಖಾಲಿಯಾಗುತ್ತಿದ್ದ ಗುಟ್ಟು ಗೊತ್ತಾಯಿತು. ಕರೆದು ಕೇಳಿದಾಗ ಎಡಚಕ್ಕ ಸುಳ್ಳು ಹೇಳಲಿಲ್ಲ. ತನ್ನ ಕಿವಿಯ ವಿಷಯವನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟಳು. ಹೇಳಿ ಹೊರಗೆ ಬಂದು, "ಟೇಪು ಎಲ್ಲಿದೆ ತೋರಿಸು, ಅಭ್ಯಾಸ ಮಾಡ್ಕೋತೀನಿ," ಎಂದು ನನ್ನ ಹತ್ತಿರ ನಕ್ಕಳು.

ನಾಲ್ಕನೆಯ ಪೆಟ್ಟಿಗೆಯಲ್ಲಿ ಅವಳು ಅತಿ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಕೈಯಲ್ಲೇ ಮುದುರಿ, ಬಿಡಿಸಿ, ಸುಕ್ಕುಸುಕ್ಕಾಗಿಯೇ ಕೂರಿಸಿದ್ದಳು. ನೀರು ಬಿದ್ದೊಡನೆ ಸೋ ಎಂದು ಒಂದೇ ಹದದ ಸದ್ದು ಎದ್ದಿತು. ಅಜ್ಜ ರೇಡಿಯೊ ನಿಲ್ಲಿಸಿದರು. ಫ್ಯಾನಿನ ಕಾಗದ ಕಿತ್ತರು. ಸ್ವಲ್ಪ ಹೊತ್ತು ಕೂತರು. ನೋಡುನೋಡುತ್ತ ಕೂತಲ್ಲೇ ಅವರಿಗೆ ಜೊಂಪು ಹತ್ತಿತು. ಎಚ್ಚರವಾದ ಮೇಲೆ ಅವರು ಮಂಚದ ಕಡೆ ಗದ್ದ ಆಡಿಸಿ, "ತಗೊಂಡ್ಹೋಗಿ," ಎಂದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಎಡಚಕ್ಕನ ಕೈ ಸುಮ್ಮನಿರುವ ಕೈಯೇ? ತಗಡಿನಲ್ಲಿ ತಗ್ಗು ಕಂಡು ನಿದ್ದೆ ಮಾಡಲು ಅವಳಿಂದ ಆಗುವುದಿಲ್ಲ. ಎರಡನೇ ವಾರವೇ ಮುಚ್ಚಳ ಬಿಚ್ಚಿ, ಬಟ್ಟಲನ್ನು ಹುಷಾರಾಗಿ ಹೊರತೆಗೆದು, ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿತಟ್ಟಿ ತಗ್ಗು ಎತ್ತಿದಳು. ಧೂಳು ಒರೆಸಿದಳು. ಸಡಿಲವಾಗಿದ್ದ ಸ್ಕ್ರೂಗಳನ್ನೆಲ್ಲ ಬಿಗಿದಳು. ಗಿಟಾರು ಹೊಸ ಮದುಮಗಳಂತಾಯಿತು. ಮೀಟಿದರೆ ಸ್ವಚ್ಛವಾದ, ದುಂಡನೆಯ ಸ್ವರ. ಟೀಚರಮ್ಮ ಚಪ್ಪಾಳೆ ತಟ್ಟಿದರು. ಎಡಚಕ್ಕ ಮಾತ್ರ ಮತ್ತೆ ಮತ್ತೆ ಮೀಟಿ ನೋಡಿದಳು. ಬುಸ್ ಎನ್ನುವ ಆ ಸೀಳುಸದ್ದು ಮಾಯವಾಗಿತ್ತು, ಅದರ ಜಾಗದಲ್ಲಿ ಕಿವಿಯ ಗುಂಯ್ ಮರಳಿ ಬಂದಿತ್ತು.

ಮರುದಿನ ವ್ಯಾನಿನಲ್ಲಿ ಅವಳ ಮುಖ ನೋಡುವ ಹಾಗಿರಲಿಲ್ಲ. "ಹಾಳು ಮಾಡ್ಬಿಟ್ಟೆ ಕಣೋ. ಇಷ್ಟು ವರ್ಷ ಅವ್ರು ಇಟ್ಕೊಂಡಿದ್ದನ್ನ ಹತ್ತು ದಿನದಲ್ಲಿ ಹಾಳು ಮಾಡ್ದೆ." ತಗ್ಗನ್ನು ಮತ್ತೆ ಹಾಕಲು ಸುತ್ತಿಗೆ ಎತ್ತಿದ್ದಳಂತೆ, ಟೀಚರಮ್ಮ ಕೈ ಹಿಡಿದು ನಿಲ್ಲಿಸಿದ್ದರಂತೆ. "ಎಡಗೈ ಹಿಡ್ಕೊಂಡ್ಲು," ಎಂದಳು. "ಎಷ್ಟೋ ವರ್ಷದ ಮೇಲೆ." ಹೇಳುವಾಗ ಅವಳಿಗೇ ನಗು ಬಂತು, ಅಳುವಿನ ನಡುವೆಯೇ.

ಅಜ್ಜನ ಹತ್ತಿರ ಹೋಗದೆ ವಿಧಿಯಿರಲಿಲ್ಲ. ಅವಳು ತಪ್ಪು ಮಾಡಿದ ಮಗುವಿನಂತೆ ಗಿಟಾರನ್ನು ಅವರೆದುರು ಇಟ್ಟಳು. ಅಜ್ಜ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ಒಂದು ಸಲ ಮೀಟಿ, ಹೊಟ್ಟೆ ಕುಣಿಯುವಂತೆ ನಕ್ಕರು.

"ಸ್ಕ್ರೂ ಬಿಗಿದ್ರಾ?"

"ಎಲ್ಲಾನೂ."

"ನಾಲ್ಕನೇದನ್ನ ನಾನೇ ಸಡಿಲ ಬಿಟ್ಟಿದ್ದೆ. ಮುಚ್ಚಳ ಒಂದು ಕೂದಲಷ್ಟು ಅಲುಗಾಡ್ಬೇಕು. ಎಷ್ಟು ಬಿಡ್ಬೇಕು ಅಂತ ಕಂಡ್ಕೊಳ್ಳೋಕೆ ನಂಗೆ ಒಂದು ಇಡೀ ಪ್ರಯಾಣ ಹಿಡೀತು, ಒಂದು ಬಂದರಿಂದ ಇನ್ನೊಂದು ಬಂದರಿಗೆ." ಬಲಗೈಯಲ್ಲಿ ಸ್ಕ್ರೂಡ್ರೈವರು ಹಿಡಿದು ತುಸುವೇ ತಿರುಗಿಸಿದರು. "ನಿಮ್ಮ ಕಿವಿಗೆ ಎಷ್ಟು ಬೇಕೋ ನೀವೇ ನೋಡ್ಕೊಳ್ಳಿ. ನನ್ನ ಗುಂಯ್ ಬೇರೆ, ನಿಮ್ಮದು ಬೇರೆ."

ಅದನ್ನು ಹದಕ್ಕೆ ತರಲು ಅವಳಿಗೆ ಎರಡು ತಿಂಗಳು ಬೇಕಾಯಿತು. ಈ ನಡುವೆ ಟೀಚರಮ್ಮ ತಂಗಿಯನ್ನು ಕಿವಿಯ ಡಾಕ್ಟರಿಗೆ ತೋರಿಸಿದರು. ಇದು ಹೋಗುವಂಥದ್ದಲ್ಲ, ಇರುವ ಕಿವಿಯನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಕಿವಿಗವಸು ಬರೆದುಕೊಟ್ಟರು. ಮೇಸ್ತ್ರಿ ಅವಳನ್ನು ಪ್ಯಾಕಿಂಗಿಗೆ ಹಾಕಲಿಲ್ಲ. ತಗಡಿನ ಮೇಲೆ ಅಳತೆ ಗೀರುವ ಗಾಜಿನ ಕೋಣೆಗೆ ಹಾಕಿದರು, ಅಲ್ಲಿ ಸದ್ದು ಕಡಿಮೆ. ಅದೇ ಅವಳ ದೂರು. "ನಿಶ್ಶಬ್ದದಲ್ಲಿ ಹಾಕಿದ್ರೆ ಗುಂಯ್ ಜಾಸ್ತಿ ಕೇಳಲ್ವೇ ಮೇಸ್ತ್ರಿ?" ಎಂದು ದಿನಕ್ಕೆ ಹತ್ತು ಸಲ ಬಾಗಿಲು ತೆರೆದು ಹೊರಗೆ ಬರುತ್ತಾಳೆ. ಈಗಲೂ ನಿಂತೇ ಉಣ್ಣುತ್ತಾಳೆ.

ಕಳೆದ ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗಿದ್ದೆ. ಎಡಚಕ್ಕ ಗಿಟಾರು ಕೊರಳಿಗೆ ಹಾಕಿಕೊಂಡು ಎರಡು ಕೋಣೆಗಳ ನಡುವೆ ನಡೆಯುತ್ತ ನುಡಿಸುತ್ತಿದ್ದಳು. ಪೂರ್ತಿ ಹಾಡು ಅವಳಿಗೆ ಒಂದೂ ಬರುವುದಿಲ್ಲ. ನಾಲ್ಕು ಸ್ವರ ಮೇಲೆ ಹೋಗುತ್ತವೆ, ಮೂರು ಕೆಳಗೆ ಬರುತ್ತವೆ, ಎಲ್ಲೋ ಒಂದು ಕಡೆ ಕೈ ತಪ್ಪುತ್ತದೆ. ಟೀಚರಮ್ಮ ಚಹಾ ಸೋಸುತ್ತ, "ಅದೇ ಜಾಗದಲ್ಲಿ ದಿನಾ ಎಡವ್ತೀಯಲ್ಲೇ," ಎಂದರು. ಎಡಚಕ್ಕ ಥಟ್ಟನೆ ಅಂಗೈಯಿಂದ ತಂತಿಗಳನ್ನು ಒತ್ತಿ ಸದ್ದು ನಿಲ್ಲಿಸಿದಳು, ಬಲಗೈಯ ಬೆರಳೆತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿದಳು.

"ಏನಾಯ್ತು?" ಎಂದೆ.

"ಶ್... ನುಡಿಸಿ ನಿಲ್ಸಿದ ಮೇಲೂ ಸ್ವಲ್ಪ ಹೊತ್ತು ಗುಂಯ್ ಬರಲ್ಲ. ಹೋದ ವಾರದಿಂದ ಹೀಗೆ. ಈಗ ಏನೂ ಇಲ್ಲ. ಪೂರ್ತಿ ಏನೂ ಇಲ್ಲ."

ಅವಳು ಕೋಣೆಯ ನಡುವೆ ನಿಂತೇ ಇದ್ದಳು. ಟೀಚರಮ್ಮ ಸೋಸುವ ಬಟ್ಟೆಯನ್ನು ಪಾತ್ರೆಯ ಮೇಲೆ ಹಾಗೇ ಎತ್ತಿ ಹಿಡಿದಿದ್ದರು, ಹನಿ ಬೀಳದ ಹಾಗೆ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಸ್ಟ್ಯಾಂಡು ಎತ್ತಿದ್ದು ಕೇಳಿಸಿತು. ಅವಳಿಗೂ ಕೇಳಿಸಿರಬೇಕು, ಕಿಟಕಿಯ ಕಡೆ ನೋಡಿ ಸಣ್ಣಗೆ ನಕ್ಕಳು. ಅರ್ಧ ನಿಮಿಷ ಆಗಿರಬಹುದು.

"ಬಂತು," ಎಂದಳು ಎಡಚಕ್ಕ, ಮತ್ತೆ ನಡೆಯುತ್ತ ನುಡಿಸತೊಡಗಿದಳು.